ನೆರೆದಿತ್ಸದ ಬೋಳು ಗೋಡೆ

ಒಂದೇ ಬೇಸಿಗೆಯಲ್ಲಿ ಕಟ್ಟಿ ಮುಗಿಸಿದ ಚರ್ಚು ಅದು. 1198ರ ಜೂನ್ 8ರಂದು ಕೆಲಸ ಹಿಡಿದರು, ಸೆಪ್ಟೆಂಬರಿಗೆ ಮುಗಿಸಿದರು ಎಂದು ನೊವ್ಗೊರೊದ್ ನಗರದ ಹಳೆಯ ವೃತ್ತಾಂತದಲ್ಲಿ ಬರೆದಿದೆ. ರಷ್ಯಾದ ಆ ಉತ್ತರದ ಸೀಮೆಯಲ್ಲಿ ಸುಣ್ಣದ ಗಾರೆಯ ಕೆಲಸಕ್ಕೆ ಸಿಗುವುದೇ ಅಷ್ಟು ತಿಂಗಳು. ಆಮೇಲೆ ಹಿಮ ಬಿದ್ದರೆ ಗಾರೆ ಕಚ್ಚಿಕೊಳ್ಳುವುದಿಲ್ಲ. ಮಾರನೆಯ ವರ್ಷ ಒಳಗೋಡೆಗಳ ಮೇಲೆಲ್ಲ, ಗುಮ್ಮಟದ ನೆತ್ತಿಯವರೆಗೂ, ಚಿತ್ರ ಬರೆದರು. ಆ ಚಿತ್ರಗಳು 740 ವರ್ಷಕ್ಕೂ ಹೆಚ್ಚು ಕಾಲ ಬಾಳಿದವು. ರಾಜರು ಬದಲಾದರು, ನೊವ್ಗೊರೊದಿನ ಗಣರಾಜ್ಯ ಹೋಗಿ ಮಾಸ್ಕೋದ ಆಳ್ವಿಕೆ ಬಂತು, ಕ್ರಾಂತಿಯೂ ಆಯಿತು. ಗೋಡೆಗೆ ಏನೂ ಆಗಲಿಲ್ಲ. 1941ರಲ್ಲಿ ಆ ಚಿತ್ರಗಳು ಫಿರಂಗಿ ಗುಂಡಿಗೆ ಪುಡಿಯಾದವು.

ಸ್ಪಾಸ್ ನೆರೆದಿತ್ಸ ಎಂದು ಅದರ ಹೆಸರು. ನೆರೆದಿತ್ಸ ಅನ್ನುವ ದಿಬ್ಬದ ಮೇಲಿನ ಕ್ರಿಸ್ತನ ಗುಡಿ. ನಾನು ಅದನ್ನು ನೋಡಿದವನಲ್ಲ. ಅದು ಬಿದ್ದದ್ದು ನಾನು ಹುಟ್ಟುವುದಕ್ಕೆ ಮುಂಚೆ. ಕಂಡೇ ಇಲ್ಲದ್ದಕ್ಕೆ ಹೀಗೆ ಹಂಬಲಿಸುವುದು ಸರಿಯೋ ತಪ್ಪೋ ಗೊತ್ತಿಲ್ಲ, ಆದರೆ ನಮ್ಮ ತಲೆಮಾರಿಗೆ ರಷ್ಯಾ ಮನೆಯ ಬಾಗಿಲಿಗೇ ಬರುತ್ತಿತ್ತು. ‘ಸೋವಿಯತ್ ಲ್ಯಾಂಡ್’ ಪತ್ರಿಕೆಯ ನುಣುಪು ಹಾಳೆಗಳಿಂದ ಶಾಲೆಯ ಪುಸ್ತಕಗಳಿಗೆ ಬೈಂಡು ಹಾಕಿಕೊಂಡವರು ನಾವು. ಪುಸ್ತಕ ಮಳಿಗೆಗಳಲ್ಲಿ ಸೋವಿಯತ್ ಪುಸ್ತಕಗಳು ಕಾಫಿ–ತಿಂಡಿಯ ಬೆಲೆಗೆ ಸಿಗುತ್ತಿದ್ದವು. ಅಂಥದೊಂದು ಕಲಾ ಇತಿಹಾಸದ ಪುಸ್ತಕದಲ್ಲಿ ಈ ಚರ್ಚಿನ ಗೋಡೆಯ ಕಪ್ಪು–ಬಿಳುಪು ಚಿತ್ರಗಳಿದ್ದವು. ದೊಡ್ಡ ಕಣ್ಣಿನ ಮುದುಕರು, ಸಾಲುಸಾಲಾಗಿ ನಿಂತು ನೇರ ನಮ್ಮನ್ನೇ ನೋಡುತ್ತಿದ್ದರು. ಕೆಳಗೆ ಸಣ್ಣ ಅಕ್ಷರದಲ್ಲಿ ‘ಯುದ್ಧದಲ್ಲಿ ನಾಶವಾಗಿದೆ’ ಎಂದಿತ್ತು. ಆ ಸಣ್ಣ ಅಕ್ಷರದಿಂದಲೇ ಇದೆಲ್ಲ ಹತ್ತಿಕೊಂಡದ್ದು.

ನೊವ್ಗೊರೊದ್ ಇರುವುದು ವೋಲ್ಖೊವ್ ನದಿಯ ಎರಡೂ ದಂಡೆಯಲ್ಲಿ, ಇಲ್ಮೆನ್ ಸರೋವರದಿಂದ ನದಿ ಹೊರಬೀಳುವ ಜಾಗಕ್ಕೆ ಹತ್ತಿರ. ವ್ಯಾಪಾರಿಗಳ ಊರು. ಅಲ್ಲಿನ ಜನಕ್ಕೆ ದೊರೆ ಬೇಕು, ಆದರೆ ಹದ್ದಿನಲ್ಲಿರಬೇಕು. 1136ರಲ್ಲಿ ಅವರು ದೊರೆಯನ್ನೇ ಹಿಡಿದು ಹೊರಹಾಕಿದರು. ಅಲ್ಲಿಂದ ಮುಂದೆ ಊರ ಸಭೆ ಕರೆದರೆ ಬರುವುದು, ಬೇಡವೆಂದರೆ ಹೋಗುವುದು ದೊರೆಯ ಪಾಡಾಯಿತು. ಅವನ ವಾಸ ಊರ ಹೊರಗೆ, ಗೊರೊದಿಶ್ಚೆ ಎಂಬಲ್ಲಿ. ಅಲ್ಲಿಗೆ ಕೂಗಳತೆಗಿಂತ ಸ್ವಲ್ಪ ದೂರದಲ್ಲಿ, ಮಾಲಿ ವೋಲ್ಖೊವೆತ್ಸ್ ಎಂಬ ಕವಲು ಹೊಳೆಯ ಪಕ್ಕ ಈ ದಿಬ್ಬ.

ಚರ್ಚು ಕಟ್ಟಿಸಿದವನು ಯಾರೊಸ್ಲಾವ್ ವ್ಲದಿಮಿರೊವಿಚ್. ಊರವರು ಅವನನ್ನು ಮೂರು ಸಲ ದೊರೆಯೆಂದು ಒಪ್ಪಿಕೊಂಡಿದ್ದರು. ಅಂದರೆ ನಡುವೆ ಎರಡು ಸಲ ಗಾದಿ ಬಿಡಬೇಕಾಗಿಯೂ ಬಂದಿತ್ತು. 1198ರಲ್ಲಿ ಅವನ ಇಬ್ಬರು ಗಂಡುಮಕ್ಕಳು, ಇಜಿಯಾಸ್ಲಾವ್ ಮತ್ತು ರೊಸ್ತಿಸ್ಲಾವ್, ಒಬ್ಬರ ಹಿಂದೆ ಒಬ್ಬರು ತೀರಿಕೊಂಡರು. ಇಬ್ಬರನ್ನೂ ನದಿಯಾಚೆಯ ಯೂರಿಯೆವ್ ಮಠದಲ್ಲಿ ಮಣ್ಣು ಮಾಡಿದರು. ಆ ಬೇಸಿಗೆಯಲ್ಲೇ ಚರ್ಚಿನ ಪಾಯ ತೆಗೆದದ್ದು. ದಿಬ್ಬದ ಮೇಲೆ ನಿಂತರೆ ಆ ಕಡೆಯ ಬಯಲು, ನೀರು, ಮಠ ಎಲ್ಲ ಕಣ್ಣಳತೆಯಲ್ಲೇ. ಮಕ್ಕಳ ನೆನಪಿಗೆ ಕಟ್ಟಿಸಿದ ಎಂದು ಇತಿಹಾಸಕಾರರು ಹೇಳುತ್ತಾರೆ. ದುಃಖದಲ್ಲಿದ್ದ ತಂದೆ ಮೂರು ತಿಂಗಳಲ್ಲಿ ಕೆಲಸ ಮುಗಿಯಲೇಬೇಕು ಎಂದು ಹಟ ಹಿಡಿದದ್ದರಲ್ಲಿ ನನಗಂತೂ ಆಶ್ಚರ್ಯ ಕಾಣುವುದಿಲ್ಲ. 1199ರಲ್ಲಿ ಚಿತ್ರದ ಕೆಲಸ ನಡೆಯಿತು. ಅದೇ ವರ್ಷ ವ್ಲದಿಮಿರ್ ನಗರದ ಬಲಿಷ್ಠ ದೊರೆ ವ್ಸೆವೊಲೊದ್ ಯಾರೊಸ್ಲಾವನನ್ನು ನೊವ್ಗೊರೊದಿನಿಂದ ವಾಪಸು ಕರೆಸಿಕೊಂಡ. ಕಟ್ಟಿಸಿದವನಿಗೆ ಆ ಗೋಡೆಗಳನ್ನು ನೋಡಿಕೊಂಡಿರುವ ಭಾಗ್ಯ ಹೆಚ್ಚು ದಿನ ಇರಲಿಲ್ಲ. ನೊವ್ಗೊರೊದಿನಲ್ಲಿ ದೊರೆಯೊಬ್ಬ ಕಟ್ಟಿಸಿದ ಕೊನೆಯ ಕಲ್ಲಿನ ಚರ್ಚೂ ಇದೇ. ಮುಂದೆ ಕಟ್ಟಿಸಿದವರೆಲ್ಲ ಧರ್ಮಾಧ್ಯಕ್ಷರು, ಸಿರಿವಂತರು, ಬೀದಿಯ ಜನ.

ಕಟ್ಟಡ ದೊಡ್ಡದಲ್ಲ. ಚೌಕದ ಗುಡಿ, ಒಳಗೆ ನಾಲ್ಕು ದಪ್ಪ ಕಂಬ, ಕಂಬಗಳ ಮೇಲೆ ಒಂದೇ ಗುಮ್ಮಟ. ಪೂರ್ವದಲ್ಲಿ ಗರ್ಭಗುಡಿಯ ಜಾಗಕ್ಕೆ ಅರ್ಧಚಂದ್ರದಂತೆ ಉಬ್ಬಿದ ಮೂರು ಗೋಡೆಗಳು. ನಡುವಿನದು ಎತ್ತರ, ಅಕ್ಕಪಕ್ಕದವು ತಗ್ಗು. ಮಾಡಿನ ಅಂಚು ನೇರವಾಗಿಲ್ಲ, ಒಳಗಿನ ಕಮಾನುಗಳ ಬಾಗನ್ನೇ ಅನುಸರಿಸಿ ಅಲೆಯಲೆಯಾಗಿ ಹೋಗುತ್ತದೆ. ಇದಿಷ್ಟೂ ಬೈಜಾಂಟಿಯಮ್ಮಿನಿಂದ ಕೀವ್ ನಗರದ ಮೂಲಕ ಬಂದ ಪಾಠ. ಆದರೆ ನೊವ್ಗೊರೊದಿನ ಮೇಸ್ತ್ರಿಗಳು ಅದನ್ನು ತಮ್ಮ ಕೈಗೆ ಒಗ್ಗಿಸಿಕೊಂಡ ರೀತಿ ಬೇರೆ. ಅಲ್ಲಿ ಸಿಗುವುದು ಕಪ್ಪೆಚಿಪ್ಪು ತುಂಬಿದ ಒರಟು ಸುಣ್ಣಕಲ್ಲು. ಅದನ್ನು ನುಣ್ಣಗೆ ಕೆತ್ತಲು ಬರುವುದಿಲ್ಲ. ಹಾಗಾಗಿ ಕಲ್ಲಿನ ಸಾಲು, ಅದರ ಮೇಲೆ ತೆಳುವಾದ ಇಟ್ಟಿಗೆಯ ಸಾಲು, ಮತ್ತೆ ಕಲ್ಲು. ನಡುವೆ ಇಟ್ಟಿಗೆ ಪುಡಿ ಬೆರೆಸಿದ ಸುಣ್ಣದ ಗಾರೆ. ಒಂದು ಗೋಡೆಯೂ ತೂಗುಗುಂಡಿಗೆ ನೇರವಿಲ್ಲ, ಒಂದು ಮೂಲೆಯೂ ಚೂಪಾಗಿಲ್ಲ. ಮಣ್ಣಿನ ಮನೆಯ ಗೋಡೆಯನ್ನು ಹೆಂಗಸರು ಅಂಗೈಯಲ್ಲಿ ತಟ್ಟಿ ತೀಡಿ ನಿಲ್ಲಿಸಿದ ಹಾಗಿದೆ. ಕಿಟಕಿಗಳು ಸೀಳಿನಷ್ಟೇ ಅಗಲ. ಪಶ್ಚಿಮದ ಗೋಡೆಯ ದಪ್ಪದೊಳಗೇ ಒಬ್ಬರು ಹತ್ತುವಷ್ಟು ಇಕ್ಕಟ್ಟಿನ ಮೆಟ್ಟಿಲು, ಅದನ್ನೇರಿದರೆ ದೊರೆಯ ಮನೆಯವರು ನಿಲ್ಲುವ ಅಟ್ಟ.

ಇಷ್ಟೇ ಆಗಿದ್ದರೆ ಇಂಥ ಚರ್ಚುಗಳು ಆ ಸೀಮೆಯಲ್ಲಿ ಬೇರೆಯೂ ಇವೆ. ನೆರೆದಿತ್ಸದ ಹೆಚ್ಚುಗಾರಿಕೆ ಒಳಗಿತ್ತು. 12ನೇ ಶತಮಾನದ ರಷ್ಯಾದಲ್ಲಿ ಬರೆದ ಭಿತ್ತಿಚಿತ್ರಗಳು ಬಹುತೇಕ ಕಡೆ ತುಂಡು ತುಂಡಾಗಿ ಉಳಿದಿದ್ದರೆ, ಇಲ್ಲಿ ಹೆಚ್ಚುಕಡಿಮೆ ಇಡೀ ಗುಡಿಯೇ ಬರೆದ ಹಾಗೆ ಉಳಿದಿತ್ತು. ಒಂದು ಮೂಲೆಯನ್ನೂ ಬಿಡದೆ ಬರೆದಿದ್ದರು. ಗುಮ್ಮಟದ ನೆತ್ತಿಯಲ್ಲಿ ಸ್ವರ್ಗಕ್ಕೇರುವ ಕ್ರಿಸ್ತ, ಅವನ ಸುತ್ತಿನ ವೃತ್ತವನ್ನು ಎತ್ತಿಹಿಡಿದ ದೇವದೂತರು, ಕೆಳಗೆ ಮುಖವೆತ್ತಿ ನೋಡುವ ಶಿಷ್ಯರು. ಗರ್ಭಗುಡಿಯ ಬಾಗಿದ ಗೋಡೆಯ ಮೇಲೆ ಎರಡೂ ಕೈಯೆತ್ತಿ ಪ್ರಾರ್ಥಿಸುವ ಮರಿಯ, ಅವಳ ಎದೆಯ ಮೇಲೆ ವೃತ್ತದೊಳಗೆ ಬಾಲ ಕ್ರಿಸ್ತ. ಅವಳ ಎರಡೂ ಕಡೆಯಿಂದ ಸಂತರ ಮೆರವಣಿಗೆ. ಮುಂದಾಳುಗಳಾಗಿ ರಷ್ಯಾದವರೇ ಆದ ಬೊರಿಸ್ ಮತ್ತು ಗ್ಲೆಬ್ ಎಂಬ ಸೋದರ ಸಂತರು. ಬೈಜಾಂಟಿಯಮ್ಮಿನ ನಾಜೂಕು ಇಲ್ಲಿಲ್ಲ. ಕಾವಿ ಬಣ್ಣದ ಮುಖ, ಮೇಲೆ ಬಿಳಿ ಗೆರೆಗಳ ಹೊಡೆತ, ಕಣ್ಣು ಮಾತ್ರ ಹಿಡಿಸಲಾರದಷ್ಟು ದೊಡ್ಡದು. ನಿಮ್ಮನ್ನು ಸಮಾಧಾನ ಮಾಡುವ ಮುಖಗಳಲ್ಲ ಅವು. ವಿಚಾರಿಸಿಕೊಳ್ಳುವ ಮುಖಗಳು.

ಪಶ್ಚಿಮದ ಗೋಡೆಯ ತುಂಬ ಕೊನೆಯ ತೀರ್ಪಿನ ದಿನ. ಪೂಜೆ ಮುಗಿಸಿ ಹೊರಗೆ ಹೊರಟವರ ಕಣ್ಣಿಗೆ ಕೊನೆಯದಾಗಿ ಬೀಳಬೇಕಾದ ಚಿತ್ರ ಅದು, ಆರ್ಥೊಡಾಕ್ಸ್ ಚರ್ಚುಗಳಲ್ಲಿ ಸಾಮಾನ್ಯವಾಗಿ ಅದರ ಜಾಗ ಅಲ್ಲೇ. ಭೂಮಿ ಮತ್ತು ಕಡಲು ತಮ್ಮ ಹೊಟ್ಟೆಯಲ್ಲಿದ್ದ ಸತ್ತವರನ್ನು ಒಪ್ಪಿಸುತ್ತಿದ್ದವು. ಒಂದು ಕಡೆ ಬೈಬಲ್ಲಿನ ಸಾಹುಕಾರ, ಬಾಗಿಲಿಗೆ ಬಂದ ಬಡವ ಲಾಜರನಿಗೆ ತುತ್ತು ಹಾಕದವನು, ಬೆತ್ತಲಾಗಿ ಬೆಂಕಿಯಲ್ಲಿ ಕೂತಿದ್ದ. ಬೆರಳಿನಿಂದ ನಾಲಿಗೆ ತೋರಿಸುತ್ತಿದ್ದ. ಪಕ್ಕದಲ್ಲೇ ಬರೆದಿತ್ತು: ಲಾಜರನನ್ನು ಕಳಿಸು, ನೀರಿನಲ್ಲಿ ಬೆರಳದ್ದಿ ನನ್ನ ನಾಲಿಗೆ ತಂಪು ಮಾಡಲಿ ಎಂದು ಅಬ್ರಹಾಮನಿಗೆ ಅವನ ಮೊರೆ. ಅದಕ್ಕೆ ಉತ್ತರ ಕೊಡುವವನು ಅಬ್ರಹಾಮನಲ್ಲ, ಸೈತಾನ. ಪಾತ್ರೆಯಲ್ಲಿ ಬೆಂಕಿ ಹಿಡಿದು ಬಂದು, ಗೆಳೆಯಾ, ಕುಡಿ ಇದನ್ನೇ ಎನ್ನುತ್ತಾನೆ. ಬೈಬಲ್ಲಿನಲ್ಲಿ ಈ ಕುಹಕದ ಮಾತಿಲ್ಲ. ವ್ಯಾಪಾರಿಗಳ ಊರಿನಲ್ಲಿ ಸಾಹುಕಾರನ ಪಾಡನ್ನು ಹೀಗೆ ಬರೆಯಲು ಚಿತ್ರಗಾರನಿಗೆ ಎಷ್ಟು ಖುಷಿಯಾಗಿರಬೇಕು!

ಆ ಚಿತ್ರಗಾರ ಯಾರು? ಬಹಳ ಜನ ಕೈಯಾಡಿಸಿದ್ದಾರೆ ಎಂಬುದು ಶೈಲಿಯಿಂದಲೇ ಗೊತ್ತಾಗುತ್ತದೆ. ಆದರೆ ಒಬ್ಬನ ಹೆಸರು ನೆಲದಡಿಯಿಂದ ಸಿಕ್ಕಿದೆ. ನೊವ್ಗೊರೊದಿನ ಜವುಗು ಮಣ್ಣಿನಲ್ಲಿ ಮರ, ತೊಗಲು ಕೊಳೆಯುವುದಿಲ್ಲ. ಅಲ್ಲಿನ ಜನ ಬರ್ಚ್ ಮರದ ತೊಗಟೆಯ ಮೇಲೆ ಕಂಟದಿಂದ ಗೀಚಿ ಪತ್ರ ಬರೆಯುತ್ತಿದ್ದರು. 1951ರ ಜುಲೈ 26ರಂದು ಮೊದಲ ಪತ್ರ ಸಿಕ್ಕಿತು, ಈಗ ಅವುಗಳ ಲೆಕ್ಕ ಸಾವಿರ ದಾಟಿದೆ. 1970ರ ದಶಕದಲ್ಲಿ ಉತ್ಖನನದಲ್ಲಿ 12ನೇ ಶತಮಾನದ ಒಬ್ಬ ಚಿತ್ರಗಾರನ ಮನೆಯಂಗಳವೇ ಸಿಕ್ಕಿತು. ಬಣ್ಣದ ಚೂರುಗಳು, ದೇವರಪಟ ಬರೆಯಲು ಸಿದ್ಧ ಮಾಡಿಟ್ಟ ಮರದ ಹಲಗೆಗಳು, ಜೊತೆಗೆ ಅವನಿಗೆ ಬಂದ ಪತ್ರಗಳು. ಹೆಸರು ಒಲಿಸೇಯ್ ಗ್ರೆಚಿನ್. 549ನೇ ನಂಬರಿನ ತೊಗಟೆಪತ್ರದಲ್ಲಿ ಪಾದ್ರಿಯೊಬ್ಬ ಅವನಿಗೆ ಆರು ರೆಕ್ಕೆಯ ದೇವದೂತರ ಚಿತ್ರ ಎರಡು ಬರೆದುಕೊಡು, ಕೂಲಿಯ ಮಾತು ದೇವರಿಗೆ ಬಿಟ್ಟದ್ದು, ಇಲ್ಲವೇ ಕೂತು ಮಾತಾಡೋಣ ಎಂಬರ್ಥದಲ್ಲಿ ಕೇಳಿಕೊಂಡಿದ್ದಾನೆ. ಮುಂಗಡದ ಸುದ್ದಿಯೇ ಇಲ್ಲ. ಕಲಾವಿದರಿಗೆ ಗಿರಾಕಿಗಳು ಅಂದೂ ಹೀಗೇ ಇದ್ದರು. ನೆರೆದಿತ್ಸದ ಚಿತ್ರಗಳ ಮುಖ್ಯ ಕೈ ಈ ಗ್ರೆಚಿನನದೇ ಇರಬೇಕು ಎಂದು ಪುರಾತತ್ವಜ್ಞ ವಲೆಂತಿನ್ ಯಾನಿನ್ ಮತ್ತು ಅವರ ಜೊತೆಗಾರರು ವಾದಿಸಿದರು. ಎಲ್ಲರೂ ಒಪ್ಪಿದ್ದಾರೆಂದಲ್ಲ. ಆದರೆ ಹೋಲಿಸಿ ನೋಡೋಣವೆಂದರೆ ಗೋಡೆ ಎಲ್ಲಿದೆ? ಚಿತ್ರಗಾರನ ಮನೆ ಸಿಗುವ ಹೊತ್ತಿಗೆ ಚಿತ್ರ ಹೋಗಿ ಮೂವತ್ತು ವರ್ಷ ಕಳೆದಿತ್ತು.

ಹೋಗುವ ಮುಂಚೆ ಅದನ್ನು ನೋಡಿದವರು, ನಕಲು ಮಾಡಿಕೊಂಡವರು ಇದ್ದರು ಎಂಬುದೊಂದೇ ಪುಣ್ಯ. 19ನೇ ಶತಮಾನದಲ್ಲೇ ಜಲವರ್ಣದ ನಕಲುಗಳಾದವು. 1903–04ರಲ್ಲಿ ವಾಸ್ತುಶಿಲ್ಪಿ ಪ್ಯೋತ್ರ್ ಪಕ್ರೀಷ್ಕಿನ್ ಇಡೀ ಕಟ್ಟಡವನ್ನು ಅಳೆದು ನಕ್ಷೆ ಬರೆದು ಜೀರ್ಣೋದ್ಧಾರ ಮಾಡಿದ. ಬಾಗು ಬಾಗಿನ ಹಳೆಯ ಮಾಡನ್ನು ವಾಪಸು ತಂದವನು ಅವನೇ. ಹೊಸದರಂತೆ ಮಾಡಿ ಕೆಡಿಸಿದ ಎಂದು ಅವನ ಮೇಲೆ ಅಂದೇ ಜಗಳವಾಯಿತು. ಅವನ ಅಳತೆಪಟ್ಟಿ ಮುಂದೆ ಎಷ್ಟು ಬೆಲೆಬಾಳಲಿದೆ ಎಂದು ಬೈದವರಿಗೆ ಗೊತ್ತಿರಲಿಲ್ಲ. 1925ರಲ್ಲಿ ಲೆನಿನ್‌ಗ್ರಾದಿನಲ್ಲಿ ಮ್ಯಸೊಯೆದೊವ್ ಎಂಬ ವಿದ್ವಾಂಸರ ಸಂಗ್ರಹದ ಚಿತ್ರಸಂಪುಟ ಅಚ್ಚಾಯಿತು. ಅಷ್ಟರಲ್ಲಿ ಅವರೇ ತೀರಿಕೊಂಡಿದ್ದರು. ನಾವು ಇವತ್ತು ನೆರೆದಿತ್ಸ ಎಂದು ನೋಡುವುದೆಲ್ಲ ಬಹುಪಾಲು ಅಂಥ ಛಾಯಾಚಿತ್ರಗಳಿಂದ ಬಂದದ್ದು.

ಈ ಕತೆಯೊಳಗೆ ಬೆಂಗಳೂರಿನವರಿಗೆ ಪರಿಚಯದ ಒಂದು ಹೆಸರಿದೆ. ನಿಕೊಲಾಯ್ ರೋರಿಕ್. ಹಿಮಾಲಯದ ಚಿತ್ರಗಳಿಂದ ನಮಗೆ ಗೊತ್ತಿರುವ ಇವರು ಮೊದಲು ಕಾನೂನು ಓದಿದವರು, ಪುರಾತತ್ವದ ಹುಚ್ಚಿನವರು. ತರುಣನಾಗಿದ್ದಾಗ ಜಲಮಾರ್ಗ ಹಿಡಿದು ನೊವ್ಗೊರೊದಿಗೆ ಬಂದರು, 1910ರಲ್ಲಿ ಅಲ್ಲಿನ ಕೋಟೆಯೊಳಗೆ ಉತ್ಖನನ ಮಾಡಿಸಿದರು. ಕಣ್ಣೆದುರೇ ಹಾಳಾಗುತ್ತಿದ್ದ ಹಳೆಯ ಚರ್ಚುಗಳನ್ನು ನೋಡಿ ನೋಡಿ ಅವರ ತಲೆಯಲ್ಲಿ ಒಂದು ವಿಚಾರ ಕೂತಿತು: ಯುದ್ಧದಲ್ಲಿ ಆಸ್ಪತ್ರೆಗಳ ಮೇಲೆ ಕೆಂಪು ಶಿಲುಬೆಯ ಬಾವುಟ ಹಾರುವ ಹಾಗೆ ಗುಡಿ, ಗ್ರಂಥಾಲಯ, ವಸ್ತುಸಂಗ್ರಹಾಲಯಗಳ ಮೇಲೂ ಒಂದು ಬಾವುಟ ಹಾರಬೇಕು, ಅದನ್ನು ಕಂಡರೆ ಫಿರಂಗಿ ಬಾಯಿ ಮುಚ್ಚಬೇಕು. ಬಿಳಿ ಬಟ್ಟೆಯ ಮೇಲೆ ಕೆಂಪು ಉಂಗುರ, ಒಳಗೆ ಮೂರು ಕೆಂಪು ಬೊಟ್ಟು. 1935ರ ಏಪ್ರಿಲ್ 15ರಂದು ಅಮೆರಿಕದ ಶ್ವೇತಭವನದಲ್ಲಿ ಅಮೆರಿಕ ಖಂಡಗಳ 21 ದೇಶಗಳು ‘ರೋರಿಕ್ ಒಪ್ಪಂದ’ಕ್ಕೆ ಸಹಿ ಹಾಕಿದವು. ಸಹಿ ಹಾಕಿದವರಲ್ಲಿ ಜರ್ಮನಿ ಇರಲಿಲ್ಲ. ಸೋವಿಯತ್ ರಷ್ಯಾವೂ ಇರಲಿಲ್ಲ.

1941ರ ಆಗಸ್ಟಿನಲ್ಲಿ ಜರ್ಮನ್ ಸೈನ್ಯ ನೊವ್ಗೊರೊದ್ ಹಿಡಿಯಿತು. ಸೋವಿಯತ್ ಸೈನ್ಯ ಮಾಲಿ ವೋಲ್ಖೊವೆತ್ಸ್ ಹೊಳೆಯ ಈಚೆ, ದಿಬ್ಬದ ಕಡೆ ನಿಂತಿತು. ಯುದ್ಧದ ಗೆರೆ ಹೆಚ್ಚುಕಡಿಮೆ ಎರಡೂವರೆ ವರ್ಷ ಅಲ್ಲೇ, ಆ ಹೊಳೆಯ ದಡದಲ್ಲೇ ಹೂತುಕೊಂಡಿತು. ಬಯಲು ಸೀಮೆಯಲ್ಲಿ ದಿಬ್ಬದ ಮೇಲಿನ ಗುಡಿಗಿಂತ ಸುಲಭದ ಗುರಿ ಬೇರೆ ಯಾವುದು? ಜರ್ಮನ್ ಫಿರಂಗಿಗಳು ಅದನ್ನು ಹೊಡೆದವು. ಗುಮ್ಮಟ, ಕಮಾನುಗಳು, ಮೇಲಿನ ಗೋಡೆಗಳು ಕುಸಿದು ಒಳಗೇ ಗುಡ್ಡೆಯಾದವು. ಸುತ್ತಲಿನ ವೊಲೊತೊವೊ ಬಯಲಿನ 1352ರ ಚರ್ಚು, ಕೊವಾಲ್ಯೊವೊದ 1345ರ ಚರ್ಚು, ಅವುಗಳ ಒಳಗಿನ ಭಿತ್ತಿಚಿತ್ರಗಳು, ಎಲ್ಲಕ್ಕೂ ಅದೇ ಗತಿ. 1944ರ ಜನವರಿ 20ರಂದು ನೊವ್ಗೊರೊದ್ ಬಿಡುಗಡೆಯಾದಾಗ ನೆರೆದಿತ್ಸದ ದಿಬ್ಬದ ಮೇಲೆ ಮೊಂಡು ಗೋಡೆಗಳಿದ್ದವು, ಬುಡದಲ್ಲಿ ಅಲ್ಲಲ್ಲಿ ಬಣ್ಣ ಉಳಿದಿತ್ತು. ಭಿತ್ತಿಚಿತ್ರಗಳಲ್ಲಿ ಶೇ 15ರಷ್ಟು ಮಾತ್ರ ಉಳಿಯಿತು ಎಂಬುದು ಸಾಮಾನ್ಯವಾಗಿ ಹೇಳುವ ಲೆಕ್ಕ.

ಕಟ್ಟಡವನ್ನು ಮತ್ತೆ ಎಬ್ಬಿಸಿದರು. 1956ರಿಂದ 58ರವರೆಗೆ ಗ್ರಿಗೋರಿ ಷ್ತೆಂದೆರ್ ಎಂಬ ವಾಸ್ತುಶಿಲ್ಪಿ, ಪಕ್ರೀಷ್ಕಿನ್ ಮಾಡಿಟ್ಟಿದ್ದ ಅಳತೆಗಳನ್ನು ಹಿಡಿದು, ಉಳಿದ ಗೋಡೆಯ ಮೇಲೆಯೇ ಹೊಸ ಗೋಡೆ ಕಟ್ಟಿದರು. ಹೊರಗಿನಿಂದ ತೆಗೆದ ಇಂದಿನ ಚಿತ್ರ ನೋಡಿದರೆ ಏನೂ ಆಗಿಲ್ಲವೇನೋ ಎನಿಸುತ್ತದೆ. ಅದೇ ಬಾಗಿದ ಮಾಡು, ಅದೇ ಗುಮ್ಮಟ, ಅದೇ ಸೊಟ್ಟ ಗೋಡೆ. 1992ರಲ್ಲಿ ನೊವ್ಗೊರೊದಿನ ಇತರ ಸ್ಮಾರಕಗಳ ಜೊತೆ ಯುನೆಸ್ಕೊದ ವಿಶ್ವ ಪರಂಪರೆಯ ಪಟ್ಟಿಗೂ ಸೇರಿತು. ಈಗ ಅದು ವಸ್ತುಸಂಗ್ರಹಾಲಯದ ಸುಪರ್ದಿಯಲ್ಲಿದೆ. ಒಳಗೆ ಹೋದವರಿಗೆ ಕಾಣುವುದು ಕೆಳಗಿನ ಭಾಗದಲ್ಲಿ ಒಂದಷ್ಟು ಉಡುಪಿನ ಮಡಿಕೆಗಳು, ಕೆಲವು ಸಂತರು. ಮೇಲೆ ನೋಡಿದರೆ ಬೋಳು.

ಅವಶೇಷದ ರಾಶಿಯನ್ನು ಹಾಗೇ ಬಿಟ್ಟಿರಲಿಲ್ಲ. ಬಣ್ಣ ಅಂಟಿದ ಗಾರೆಯ ಚೂರುಗಳನ್ನು ಸೋಸಿ ಪೆಟ್ಟಿಗೆಗಳಲ್ಲಿ ತುಂಬಿಟ್ಟರು. ಈ ಕೆಲಸದಲ್ಲಿ ದಾರಿ ತೋರಿಸಿದವರು ಅಲೆಕ್ಸಾಂದರ್ ಮತ್ತು ವಲೆಂತಿನಾ ಗ್ರೆಕೊವ್ ದಂಪತಿ. 1965ರಿಂದ ಕೊವಾಲ್ಯೊವೊದ ಚೂರುಗಳನ್ನು ಜೋಡಿಸುವುದರಲ್ಲೇ ಅವರು ಬದುಕು ಸವೆಸಿದರು. ಆಮೇಲೆ ನೆರೆದಿತ್ಸದ ಚೂರುಗಳ ಸರದಿಯೂ ಬಂತು. ಉಗುರಿನಷ್ಟು, ಬೆಂಕಿಪೊಟ್ಟಣದಷ್ಟು ತುಂಡುಗಳು. ಮೇಲ್ಮೈಯ ಬಣ್ಣವಷ್ಟೇ ಸಾಲದು, ಕುಂಚ ಎಳೆದ ದಿಕ್ಕು ನೋಡಬೇಕು, ಗಾರೆಯ ದಪ್ಪ ನೋಡಬೇಕು, ಮಗುಚಿ ಹಾಕಿ ಹಿಂದೆ ಒತ್ತಿಕೊಂಡಿರುವ ಕಲ್ಲಿನ ಗುರುತು ನೋಡಬೇಕು. ಬರಿಯ ನೀಲಿ ಹಿನ್ನೆಲೆಯ ಚೂರಾದರೆ ಅದು ಯಾವ ಸಂತನ ಹೆಗಲ ಹಿಂದಿನದೋ ಹೇಳಲು ಬಾರದು. ಹೀಗೆ ದಿನವಿಡೀ ಕೂತು ಒಂದು ಕಣ್ಣೋ ಒಂದು ಬೆರಳೋ ಕೂಡಿಬಂದರೆ ಅದೇ ದೊಡ್ಡ ಸಂಪಾದನೆ. ವೊಲೊತೊವೊದ ಚರ್ಚನ್ನು 2003ರಲ್ಲಿ ಮತ್ತೆ ಕಟ್ಟಿ ನಿಲ್ಲಿಸಿದಾಗ ಹಣ ಕೊಟ್ಟದ್ದು ವಿಂಟರ್ಸ್‌ಹಾಲ್ ಎಂಬ ಜರ್ಮನ್ ಕಂಪನಿ. ಅಷ್ಟರಮಟ್ಟಿಗೆ ಲೆಕ್ಕ ಚುಕ್ತಾ ಆಯಿತು ಎನ್ನಬಹುದೇನೋ, ನಾನು ಹೇಳಲಾರೆ.

ರೋರಿಕ್ 1947ರ ಡಿಸೆಂಬರಿನಲ್ಲಿ ಕುಲು ಕಣಿವೆಯ ನಗ್ಗರಿನಲ್ಲಿ ತೀರಿಕೊಂಡರು. ಅವರ ಒಪ್ಪಂದದ ವಿಚಾರ 1954ರ ಹೇಗ್ ಒಡಂಬಡಿಕೆಯಲ್ಲಿ ಮರುಹುಟ್ಟು ಪಡೆಯಿತು, ನೆರೆದಿತ್ಸ ಬಿದ್ದು ಹದಿಮೂರು ವರ್ಷವಾದ ಮೇಲೆ. ಮಗ ಸ್ವೆತೊಸ್ಲಾವ್, ಮಡದಿ ದೇವಿಕಾ ರಾಣಿಯವರೊಡನೆ ಕನಕಪುರ ರಸ್ತೆಯ ತಾತಗುಣಿಯಲ್ಲಿ ನೆಲೆಸಿದರು, 1993ರಲ್ಲಿ ಬೆಂಗಳೂರಿನಲ್ಲೇ ಕಣ್ಮುಚ್ಚಿದರು. ಚಿತ್ರಕಲಾ ಪರಿಷತ್ತಿನಲ್ಲಿ ತಂದೆ ಮಗ ಇಬ್ಬರ ಚಿತ್ರಗಳೂ ಇವೆ. ಎಲ್ಲರೂ ಅಲ್ಲಿ ಹಿಮದ ಬೆಟ್ಟಗಳ ನೀಲಿಯನ್ನು ಮೆಚ್ಚಿಕೊಂಡು ಬರುತ್ತಾರೆ. ಆ ಬೆಟ್ಟಗಳನ್ನು ಬರೆದ ಕೈ ಮೊದಲು ಹಳೆಯ ರಷ್ಯಾದ ಚರ್ಚುಗಳ ಗೋಡೆಯನ್ನು ಬರೆದ ಕೈ ಎಂದು ತಿಳಿದು ನೋಡಿದರೆ ಅವು ಬೇರೆಯಾಗಿ ಕಾಣುತ್ತವೆ.

ಈಗ ಎರಡನೆಯ ಸಲ ನೆರೆದಿತ್ಸ ಮರೆಯಾಗುತ್ತಿದೆ. 1941ಕ್ಕೆ ಮೊದಲು ಆ ಗುಡಿಯೊಳಗೆ ನಿಂತವರು ಇಂದು ಬದುಕಿದ್ದರೂ ತೊಂಬತ್ತರ ಹತ್ತಿರದವರು, ಮಕ್ಕಳಾಗಿದ್ದಾಗ ಕಂಡವರು. ಆ ಸಾಹುಕಾರನ ಸುತ್ತಲಿನ ಬೆಂಕಿ ಎಷ್ಟು ಕೆಂಪಿತ್ತು, ಮರಿಯಳ ಉಡುಪು ಚಳಿಗಾಲದ ಬೆಳಕಿನಲ್ಲಿ ಹೇಗೆ ಕಾಣುತ್ತಿತ್ತು ಎಂದು ಕಣ್ಣಾರೆ ಕಂಡು ಹೇಳುವವರು ಇನ್ನು ಇರುವುದಿಲ್ಲ. ಉಳಿಯುವುದು ಬಹುಪಾಲು ಬಣ್ಣವಿಲ್ಲದ ಛಾಯಾಚಿತ್ರ, ಕೆಲವೇ ಬಣ್ಣದ ನಕಲುಗಳು, ಪೆಟ್ಟಿಗೆಗಳಲ್ಲಿನ ಗಾರೆಯ ಚೂರುಗಳು. ನಮ್ಮ ಕಡೆಗಂತೂ ಆ ಸೋವಿಯತ್ ಪುಸ್ತಕಗಳೂ ನಿಂತುಹೋಗಿ ಮೂವತ್ತು ವರ್ಷ ದಾಟಿತು; ಹಳೆ ಪುಸ್ತಕದಂಗಡಿಯಲ್ಲಿ ಕೂಡ ಈಗ ಅಪರೂಪ.

ಇಷ್ಟೆಲ್ಲ ದಾಖಲೆ ಇದ್ದಮೇಲೆ ಗೋಡೆಯ ಮೇಲೆ ಮತ್ತೆ ಬರೆಯಿಸಬಹುದಲ್ಲ ಎಂಬ ಪ್ರಶ್ನೆ ಯಾರಿಗಾದರೂ ಬರುತ್ತದೆ. ಛಾಯಾಚಿತ್ರ ಇದೆ, ಅಳತೆ ಇದೆ, ಚೂರುಗಳಿಂದ ಬಣ್ಣವೂ ಗೊತ್ತಾಗುತ್ತದೆ. ಕೈ ಪಳಗಿದ ದೇವರಪಟದ ಚಿತ್ರಗಾರರಿಗೆ ಆ ದೇಶದಲ್ಲಿ ಬರವಿಲ್ಲ. ಬರೆದರೆ ಯಾತ್ರಿಕರು ಬರುತ್ತಾರೆ, ಗುಡಿ ತುಂಬಿದಂತೆ ಕಾಣುತ್ತದೆ. ನನ್ನ ಮಾತು ಕೇಳುವವರು ಅಲ್ಲಿ ಯಾರೂ ಇಲ್ಲ, ಆದರೂ ಹೇಳಿಬಿಡುತ್ತೇನೆ: ಬೇಡ. ಕಲ್ಲು ಮತ್ತೆ ಕಟ್ಟಿದ್ದು ಸರಿ, ಉಳಿದ ಶೇ 15ಕ್ಕೆ ಮಳೆ–ಹಿಮದಿಂದ ಮರೆ ಬೇಕಿತ್ತು. ಮೇಲಿನ ಗೋಡೆ ಬೋಳಾಗಿಯೇ ಇರಲಿ. 1199ರ ಚಿತ್ರಗಾರರು ಬರೆದದ್ದು ಇಲ್ಲಿತ್ತು, 1941ರಲ್ಲಿ ಅದನ್ನು ಹೊಡೆದುರುಳಿಸಿದರು ಎಂಬುದಕ್ಕೆ ಆ ಗುಡಿಯಲ್ಲಿ ಇರುವ ಸಾಕ್ಷಿ ಅದೊಂದೇ.